ಒಂಬತ್ತು ಅಡಿಯ ಡಿಸ್ಕವರಿ: ಗೊಂಬೆ ಹಬ್ಬಕ್ಕೆ ಕಟ್ಟಿದ ಹಡಗಿನ ಕೆಲಸದ ಲೆಕ್ಕ

ಡಿಸ್ಕವರಿ ಕೊನೆಗೂ ನೇರವಾಗಿ ನಿಂತಿದೆ. ಮೂತಿಯಿಂದ ಬಾಲದವರೆಗೆ 274 ಸೆಂ.ಮೀ., ತೂಕ 10 ಕೆಜಿ 300 ಗ್ರಾಂ, ಖರ್ಚು 14,750 ರೂಪಾಯಿ. 2024ರ ಮಾರ್ಚಿನಿಂದ ಅಕ್ಟೋಬರಿನವರೆಗೆ ಸಿಕ್ಕ ಭಾನುವಾರಗಳೆಲ್ಲ ಇದಕ್ಕೇ ಹೋದವು.

1968ರಲ್ಲಿ ಬಂದ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಗುರುಗ್ರಹಕ್ಕೆ ಹೊರಡುವ ಬಾಹ್ಯಾಕಾಶ ಹಡಗಿನ ಮಾದರಿ ಇದು. ಮುಂದೆ ದೊಡ್ಡ ಬಿಳಿ ಗೋಳ, ಹಿಂದೆ ಎಂಜಿನ್ ಪೆಟ್ಟಿಗೆ, ನಡುವೆ ಉದ್ದನೆಯ ಸಣಕಲು ಬೆನ್ನು. ಭಾರವೇ ಇಲ್ಲದ ಜಾಗದಲ್ಲಿ ತೇಲುವುದಕ್ಕೆಂದು ಯೋಚಿಸಿದ ಆಕಾರ. ಅಲ್ಲಿ ಬೆನ್ನು ಎಷ್ಟು ತೆಳ್ಳಗಿದ್ದರೂ ನಡೆಯುತ್ತದೆ. ಮೈಸೂರಿನ ನಮ್ಮ ನಡುಮನೆಯಲ್ಲಿ ನಡೆಯುವುದಿಲ್ಲ. ನನ್ನ ಕೆಲಸದಲ್ಲಿ ಅರ್ಧಪಾಲು ಆ ಬೆನ್ನು ಬಾಗದ ಹಾಗೆ ನೋಡಿಕೊಳ್ಳುವುದೇ ಆಗಿತ್ತು. ಇಂಥದ್ದನ್ನು ಕಟ್ಟಬೇಕೆಂದಿರುವವರು ಮೂರನೆಯ ಹಂತವನ್ನಾದರೂ ಪೂರ್ತಿ ಓದಿ.

1. ಅಳತೆ (ಮಾರ್ಚ್ 10)

ಚಿತ್ರೀಕರಣಕ್ಕೆಂದು ಎರಡು ಡಿಸ್ಕವರಿ ಕಟ್ಟಿದ್ದರು, 54 ಅಡಿಯದೊಂದು, 15 ಅಡಿಯದೊಂದು. ಅವು ಉಳಿಯಲಿಲ್ಲ. 1984ರಲ್ಲಿ ಮುಂದಿನ ಕಥೆ ಚಿತ್ರವಾದಾಗ ಹಳೆಯ ಚಿತ್ರದ ಫ್ರೇಮುಗಳನ್ನು ನೋಡಿಕೊಂಡು ಹಡಗನ್ನು ಹೊಸದಾಗಿ ಕಟ್ಟಬೇಕಾಯಿತು. ನಾನೂ ಅದೇ ದಾರಿ ಹಿಡಿದೆ. ಹಡಗು ಪೂರ್ತಿ ಪಕ್ಕದಿಂದ ಕಾಣುವ ಕಡೆಯಲ್ಲೆಲ್ಲ ಚಿತ್ರವನ್ನು ನಿಲ್ಲಿಸಿ, ಕಂಪ್ಯೂಟರ್ ಪರದೆಯ ಮೇಲೆ ಸ್ಕೇಲಿಟ್ಟು ಅಳೆದೆ. ಉದ್ದವು ಗೋಳದ ವ್ಯಾಸದ ಸುಮಾರು ಒಂಬತ್ತು ಪಟ್ಟು ಬಂತು. ಬೆನ್ನಿನ ದಪ್ಪ ವ್ಯಾಸದ ಮೂರನೇ ಒಂದಕ್ಕಿಂತ ಕೊಂಚ ಕಡಿಮೆ.

ಹಡಗು ಎಷ್ಟು ದೊಡ್ಡದಿರಬೇಕು ಎಂದು ಮೊದಲು ನಿರ್ಧರಿಸಿ ಆಮೇಲೆ ಗೋಳ ಹುಡುಕಲು ಹೊರಟೆ. ಇದು ತಪ್ಪು ಕ್ರಮ. ಪೆಟ್ಟಿಗೆ, ಕೊಳವೆ, ಚೌಕಟ್ಟು ಯಾವ ಅಳತೆಯಲ್ಲಾದರೂ ಕತ್ತರಿಸಬಹುದು. ಸರಿಯಾದ ಗೋಳ ಮಾತ್ರ ನಮಗೆ ಬೇಕಾದ ಅಳತೆಯಲ್ಲಿ ಸಿಗುವುದಿಲ್ಲ. ಸಿಕ್ಕ ಗೋಳಕ್ಕೆ ಹಡಗನ್ನು ಹೊಂದಿಸಬೇಕು.

2. ಗೋಳ (ಮಾರ್ಚ್ 24 – ಏಪ್ರಿಲ್ 21)

ಮೊದಲ ಪ್ರಯತ್ನ: ಗಾಳಿ ತುಂಬುವ ಪ್ಲಾಸ್ಟಿಕ್ ಚೆಂಡಿನ ಮೇಲೆ ಮೈದಾ ಅಂಟಿನಲ್ಲಿ ಪೇಪರ್ ಚೂರು ಮೆತ್ತಿದೆ, ಎಂಟು ಪದರ. ಒಣಗುತ್ತಾ ಪೇಪರ್ ಒಂದು ಕಡೆ ಬಿಗಿಯಿತು, ಒಳಗಿನ ಚೆಂಡು ರಾತ್ರಿ ಗಾಳಿ ಬಿಟ್ಟಿತು. ಅಡ್ಡ ಅಳೆದರೆ 28.5, ಉದ್ದ ಅಳೆದರೆ 27.2. ದೂರದಿಂದ ನೋಡಿದರೂ ಮೂಸಂಬಿ ಹಣ್ಣಿನ ಹಾಗೆ ಚಪ್ಪಟೆ. ಎರಡು ವಾರ ಹೋಯಿತು.

ಎರಡನೆಯದು: ಶಾಲೆ ಮಕ್ಕಳ ಗ್ಲೋಬ್. ಸ್ಟೇಷನರಿ ಅಂಗಡಿಯಲ್ಲಿ 12 ಇಂಚಿನದು 850 ರೂಪಾಯಿ. ಸ್ಟ್ಯಾಂಡ್ ಬಿಚ್ಚಿ ಅಳೆದರೆ ಎಲ್ಲ ದಿಕ್ಕಿನಲ್ಲೂ 30.5 ಸೆಂ.ಮೀ. ಅಲ್ಲಿಗೆ ಹಡಗಿನ ಉದ್ದವೂ ತೀರ್ಮಾನವಾಯಿತು: 30.5 ಗುಣಿಸು 9, ಅಂದರೆ 274.5. ಸರಿಯಾಗಿ ಒಂಬತ್ತು ಅಡಿ.

ಗ್ಲೋಬ್‌ನ ನುಣುಪು ಮೈಗೆ ಪ್ರೈಮರ್ ಹಿಡಿಯುವುದಿಲ್ಲ. 120 ನಂಬರ್ ಉಪ್ಪು ಕಾಗದದಲ್ಲಿ ಪೂರ್ತಿ ಉಜ್ಜಿದೆ, ಸಾಗರ ಖಂಡ ಎಲ್ಲ ಹೋಗಿ ಬೂದು ಚೆಂಡು ಉಳಿಯಿತು. ಸಮಭಾಜಕದ ಜೋಡಣೆಯಲ್ಲಿ ಚಾಕು ತೂರಿಸಿ ಎರಡು ಹೋಳು ಮಾಡಿದೆ. ಹಿಂದಿನ ಹೋಳಿನ ಒಳಗೆ 9 ಮಿ.ಮೀ. ಪ್ಲೈವುಡ್ಡಿನ 12 ಸೆಂ.ಮೀ. ಬಿಲ್ಲೆ ಕೂರಿಸಿ, ಬೆನ್ನಿಗೆ ಬಿಗಿಯಲು ನಾಲ್ಕು 8 ಎಂಎಂ ನಟ್ಟುಗಳನ್ನು ಎಂ-ಸೀಲ್‌ನಲ್ಲಿ ಹುದುಗಿಸಿದೆ. ಮುಂದಿನ ಹೋಳಿನಲ್ಲಿ ಚಾಲಕರ ಕಿಟಕಿಯ ಉದ್ದನೆಯ ಸೀಳು, ಅದರ ಕೆಳಗೆ ಮೂರು ದುಂಡು ಬಾಗಿಲು. ಚಿತ್ರದಲ್ಲಿ ಗಗನಯಾತ್ರಿಗಳ ಪುಟ್ಟ ವಾಹನಗಳು ಹೊರಬರುವ ಬಾಗಿಲುಗಳು ಇವೇ.

ಕಿಟಕಿಗೆ ಡ್ರಿಲ್ ಹಾಕುವಾಗ ವೇಗ ಹೆಚ್ಚಿತ್ತು, ಪ್ಲಾಸ್ಟಿಕ್ 4 ಸೆಂ.ಮೀ. ಸೀಳು ಬಿಟ್ಟಿತು. ಸೀಳಿನ ತುದಿಗೆ 2 ಮಿ.ಮೀ. ತೂತು ಕೊರೆದ ಮೇಲೆ ಅದು ಮುಂದೆ ಓಡುವುದು ನಿಂತಿತು. ಆಮೇಲೆ ಎಲ್ಲ ತೂತನ್ನೂ ಕೈಯಲ್ಲಿ ತಿರುಗಿಸುವ ಡ್ರಿಲ್‌ನಲ್ಲೇ ಹಾಕಿ, ಅರದಲ್ಲಿ ಉಜ್ಜಿ ದೊಡ್ಡದು ಮಾಡಿದೆ.

ಇಲ್ಲಿ ಎರಡು ತಪ್ಪು ಮಾಡಿದ್ದೆ, ಆಗ ಗೊತ್ತಾಗಲಿಲ್ಲ. ನಟ್ಟುಗಳ ಎಣ್ಣೆ ಒರೆಸದೆ ಎಂ-ಸೀಲ್ ಹಾಕಿದ್ದೆ. ಗೋಳದ ಒಳಮೈಗೆ ಕಪ್ಪು ಬಣ್ಣ ಬಳಿಯದೆ ಎರಡು ಹೋಳನ್ನೂ ಅಂಟಿಸಿ, ಬಾಡಿ ಪುಟ್ಟಿ ಹಚ್ಚಿ, ಜೋಡಣೆ ಕಾಣದ ಹಾಗೆ ಉಜ್ಜಿಬಿಟ್ಟಿದ್ದೆ. ಒಂದು ತಪ್ಪಿಗೆ ಮೇ ತಿಂಗಳಲ್ಲಿ ದಂಡ ಕಟ್ಟಿದೆ, ಇನ್ನೊಂದಕ್ಕೆ ಸೆಪ್ಟೆಂಬರಿನಲ್ಲಿ.

3. ಬೆನ್ನು (ಏಪ್ರಿಲ್ 28 – ಮೇ 26)

ಹಡಗು ತೇಲುತ್ತಿರುವಂತೆ ಕಾಣಬೇಕೆಂದು ನಟ್ಟನಡುವೆ ಒಂದೇ ಕಂಬದ ಮೇಲೆ ನಿಲ್ಲಿಸುವ ಆಸೆ ನನ್ನದು. ಅಂದರೆ ಗೋಳವು ಕಂಬದಿಂದ ಸುಮಾರು 127 ಸೆಂ.ಮೀ. ಆಚೆ ನೇತಾಡಬೇಕು.

ಮೊದಲು ಕೈಗೆ ಬಂದದ್ದು ಮನೆಯ ವೈರಿಂಗ್‌ಗೆ ಹಾಕುವ 25 ಎಂಎಂ ಪಿವಿಸಿ ಪೈಪು. ಒಂದು ತುದಿಯನ್ನು ಮೇಜಿಗೆ ಕ್ಲಾಂಪ್ ಹಾಕಿ, ಇನ್ನೊಂದು ತುದಿಗೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿದೆ. ತುದಿ ಒಂದು ಗೇಣಿಗಿಂತ ಹೆಚ್ಚು ಇಳಿಯಿತು. ಗೋಳದ ತೂಕ ಅದರ ಎರಡೂವರೆ ಪಟ್ಟು. ಪೈಪನ್ನು ಅಲ್ಲೇ ಬಿಟ್ಟೆ.

ಮುಂದೆ ಅಲ್ಯೂಮಿನಿಯಂ. ಹಗುರ ಇದ್ದರೆ ಬಾಗುವುದೂ ಕಡಿಮೆ ಎಂದು ನನಗೆ ನಾನೇ ಹೇಳಿಕೊಂಡು, ಕಿಟಕಿ ಕೆಲಸದವರ ಅಂಗಡಿಯಿಂದ 25 ಎಂಎಂ ಚೌಕದ, ಒಂದೂವರೆ ಎಂಎಂ ದಪ್ಪದ ಕೊಳವೆ ತಂದೆ. 1,150 ರೂಪಾಯಿ. ಎರಡೂವರೆ ಕೆಜಿ ಮರಳಿನ ಚೀಲ ತೂಗುಹಾಕಿ, ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ದಾರ ಎಳೆದು ಅಳೆದರೆ ಸುಮಾರು 2 ಸೆಂ.ಮೀ. ಇಳಿತ. ಕಾಗದದ ಮೇಲೆ 2 ಸೆಂ.ಮೀ. ಏನೂ ಅಲ್ಲ ಅನಿಸುತ್ತದೆ. ಆದರೆ ಈ ಹಡಗಿನ ಚೆಲುವೆಲ್ಲ ಇರುವುದು ಅದರ ನೇರದಲ್ಲಿ. ಮೂತಿ ಒಂದು ಬೆರಳು ಬಗ್ಗಿದರೂ ಸುಸ್ತಾದ ಹಾಗೆ ಕಾಣುತ್ತದೆ. ಎರಡು ದಿನ ಹಾಗೇ ಬಿಟ್ಟು ನೋಡಿದೆ, ಕಣ್ಣು ಒಗ್ಗಲಿಲ್ಲ.

ಗ್ರಿಲ್ ಕೆಲಸದ ಅಂಗಡಿಗೆ ಅದೇ ಕೊಳವೆ ಹಿಡಿದುಕೊಂಡು ಹೋದೆ. ಅಲ್ಲಿನ ವೆಲ್ಡರ್ ಕೊಳವೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, “ತೂಕ ಇರೋದು ತುದೀಲಿ ಸಾರ್, ಪೈಪಲ್ಲಲ್ಲ. ಕಬ್ಬಿಣ ಹಾಕಿ, ಬಗ್ಗಲ್ಲ” ಅಂದರು. ಅದೇ ಒಂದು ಇಂಚು ಚೌಕದ, 16 ಗೇಜಿನ ಎಂಎಸ್ ಪೈಪು, ಎರಡು ತುದಿಗೂ 80 ಎಂಎಂ ಚೌಕದ ತಗಡು ಬೆಸೆದು, ನಾಲ್ಕು ನಾಲ್ಕು ತೂತು ಹಾಕಿ 780 ರೂಪಾಯಿ. ಮನೆಗೆ ತಂದು ಅದೇ ಮರಳಿನ ಚೀಲ ಕಟ್ಟಿದೆ: 6 ಮಿ.ಮೀ. ಅಲ್ಯೂಮಿನಿಯಂ ಉಳಿಸಿಕೊಟ್ಟದ್ದು ಎರಡು ಕೆಜಿಯೂ ಇಲ್ಲ. ಕಬ್ಬಿಣ ಮೂರು ಪಟ್ಟು ಗಟ್ಟಿಯಾಗಿ ನಿಂತಿತು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ 1,150 ರೂಪಾಯಿಯ ಜೊತೆ ಮೂರು ವಾರವೂ ಉಳಿಯುತ್ತಿತ್ತು.

ಉಳಿದ 6 ಮಿ.ಮೀ.ಗೆ ಒಂದೇ ಕಂಬದ ಆಸೆ ಬಿಟ್ಟೆ. 40 ಸೆಂ.ಮೀ. ಅಂತರದಲ್ಲಿ ಎರಡು 12 ಎಂಎಂ ಸರಳುಗಳು, ಮೂತಿಯಿಂದ 122ಕ್ಕೆ ಒಂದು, 162ಕ್ಕೆ ಒಂದು. ಇಳಿತ 4 ಮಿ.ಮೀ.ಗೆ ಬಂತು. ಆ ನಾಲ್ಕನ್ನು ತೆಗೆಯುವುದಕ್ಕೆ ಕಬ್ಬಿಣದ ಜೊತೆ ಗುದ್ದಾಡಬೇಕಿಲ್ಲ ಎಂದು ಹೊಳೆದದ್ದು ಮೇ 26ರ ಸಂಜೆ. ನೋಡುವವರಿಗೆ ಕಾಣುವುದು ಕಬ್ಬಿಣವಲ್ಲ, ಅದರ ಮೇಲೆ ಕೂರುವ ಪೆಟ್ಟಿಗೆಗಳು. ಕೊಳವೆ ಎಷ್ಟು ಇಳಿದಿದೆಯೋ ಅಷ್ಟು ದಪ್ಪದ ರಟ್ಟನ್ನು ಪ್ರತಿ ಪೆಟ್ಟಿಗೆಯ ಒಳಗೆ ಕೊಟ್ಟರೆ ಹೊರಗಿನ ಸಾಲು ದಾರದಷ್ಟು ನೇರ ಬರುತ್ತದೆ. ಕಂಬದ ಬಳಿ ರಟ್ಟು ಬೇಡ, ಮೂತಿಯ ಕಡೆ ಹೋದಂತೆ ಅರ್ಧ, ಒಂದು, ಎರಡು, ಕೊನೆಗೆ ನಾಲ್ಕು ಮಿ.ಮೀ. ಗೋಳದ ಬಿಲ್ಲೆಯ ತೂತುಗಳನ್ನೂ 4 ಮಿ.ಮೀ. ಕೆಳಕ್ಕೆ ಅರದಲ್ಲಿ ಉದ್ದ ಮಾಡಿ, ಗೋಳ ಅಷ್ಟು ಮೇಲೆ ಕೂರುವ ಹಾಗೆ ಮಾಡಿದೆ. ಇಡೀ ಕೆಲಸದಲ್ಲಿ ನನಗೆ ತುಂಬ ತೃಪ್ತಿ ಕೊಟ್ಟ ಯೋಚನೆ ಇದು.

ತೂತು ಉದ್ದ ಮಾಡಿ ಬೋಲ್ಟ್ ಬಿಗಿಯುವಾಗ ಎಣ್ಣೆ ಒರೆಸದ ಒಂದು ನಟ್ಟು ಒಳಗೆ ಕಳಚಿ ಬಿತ್ತು. ಗೋಳ ಮುಚ್ಚಿಯಾಗಿದೆ, ಕೈ ಹೋಗುವುದಿಲ್ಲ. ಕೊನೆಗೆ ದಾರಿ ಕೊಟ್ಟದ್ದು ಆ ಮೂರು ದುಂಡು ಬಾಗಿಲುಗಳಲ್ಲಿ ನಡುವಿನದು. 6.5 ಸೆಂ.ಮೀ. ಅಗಲದ ಆ ಬಾಗಿಲನ್ನು ಪೂರ್ತಿ ಕತ್ತರಿಸಿ, ಆಯಸ್ಕಾಂತದ ಎರಡು ಬಿಲ್ಲೆ ಅಂಟಿಸಿ ತೆಗೆದು ಹಾಕುವ ಹಾಗೆ ಮಾಡಿದೆ. ಉದ್ದ ಹಿಡಿಯ ಸ್ಪ್ಯಾನರ್ ಒಳಗೆ ತೂರಿಸಿ ನಾಲ್ಕೂ ನಟ್ಟುಗಳನ್ನು ವಾಷರ್ ಹಾಕಿ ಬಿಗಿದೆ. ಒಳಗೆ ಕೈ ಹಾಕಲು ಒಂದು ದಾರಿ ಮೊದಲೇ ಇಟ್ಟುಕೊಳ್ಳಬೇಕು. ಬಾಗಿಲು ಹೇಗೂ ಆಕಾರದಲ್ಲೇ ಇತ್ತು, ನನಗೆ ಮೊದಲು ತೋಚಬೇಕಿತ್ತು.

ಗೋಳ, ಬೆನ್ನು, ಎಂಜಿನ್ ಮೂರೂ ಬೇರೆ ಬೇರೆ ಬಿಚ್ಚುವ ಹಾಗಿರಬೇಕೆಂಬುದನ್ನು ಮಾತ್ರ ಮೊದಲ ದಿನವೇ ತೀರ್ಮಾನಿಸಿದ್ದೆ. ಕೆಲಸ ನಡೆದದ್ದು ಮಹಡಿಯ ಕೋಣೆಯಲ್ಲಿ, ಕೂರಿಸಬೇಕಾದದ್ದು ಕೆಳಗೆ. ನಮ್ಮ ಮೆಟ್ಟಿಲ ತಿರುವಿನಲ್ಲಿ ಎಂಟಡಿಯ ಏಣಿಯೇ ತಿರುಗುವುದಿಲ್ಲ.

4. ಮಣಿಗಳು (ಜೂನ್)

ಬೆನ್ನಿನ ಉದ್ದಕ್ಕೂ ಇರುವ ಪೆಟ್ಟಿಗೆಗಳನ್ನು ನಾನು ಮಣಿ ಎಂದೇ ಕರೆದೆ, ದಾರಕ್ಕೆ ಪೋಣಿಸಿದ ಹಾಗೆ ಕಬ್ಬಿಣಕ್ಕೆ ಪೋಣಿಸುವುದರಿಂದ. ನನ್ನ ಅಳತೆಗೆ 28 ಬೇಕಾದವು: ಒಂದೊಂದೂ 9 ಸೆಂ.ಮೀ. ಅಗಲ, 9 ಎತ್ತರ, 6.5 ಉದ್ದ, ನಡುವೆ ಅರ್ಧ ಸೆಂ.ಮೀ. ಸಂದು. ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆ, 3 ಎಂಎಂನದು ಎಂಟು ಅಡಿ ನಾಲ್ಕು ಅಡಿಯದು ಎರಡು, 5 ಎಂಎಂನದು ಒಂದು, ಫ್ಲೆಕ್ಸ್ ಬೋರ್ಡ್ ಮಾಡುವವರಿಂದ 3,150 ರೂಪಾಯಿಗೆ ಬಂತು. ಪ್ರತಿ ಮಣಿಗೆ ಆರು ಹಲಗೆ, ಒಟ್ಟು 168 ತುಂಡು.

ಮೊದಲ ಒಂಬತ್ತು ಮಣಿಗಳನ್ನು ಸ್ಕೇಲು, ಕಟರ್ ಹಿಡಿದು ಒಂದೊಂದಾಗಿ ಅಳೆದು ಕತ್ತರಿಸಿದೆ. ಪೋಣಿಸಿ ನೋಡಿದರೆ ಸಾಲು 8 ಮಿ.ಮೀ. ಉದ್ದವಾಗಿತ್ತು. ಒಂದೊಂದರಲ್ಲೂ ಒಂದು ಮಿ.ಮೀ.ಗಿಂತ ಕಡಿಮೆ ತಪ್ಪು, ಕಣ್ಣಿಗೆ ಕಾಣದ್ದು. ಎಲ್ಲ ಸೇರಿ ಕೂಡಿಕೊಂಡಿತ್ತು. ಅದೇ ಲೆಕ್ಕದಲ್ಲಿ ಹೋಗಿದ್ದರೆ 28 ಮುಗಿಯುವಾಗ ಎಂಜಿನ್ ಎರಡೂವರೆ ಸೆಂ.ಮೀ. ಹಿಂದೆ ಸರಿಯುತ್ತಿತ್ತು. ಒಂಬತ್ತನ್ನೂ ಬಿಚ್ಚಿದೆ. ಪ್ಲೈವುಡ್ ಮೇಲೆ ಎರಡು ಮರದ ಪಟ್ಟಿ ಮೊಳೆ ಹೊಡೆದು, ಹಲಗೆಯನ್ನು ಒತ್ತಿ ಕತ್ತರಿಸಿದರೆ ಪ್ರತಿ ಸಲವೂ ಒಂದೇ ಅಳತೆ ಬರುವ ಅಚ್ಚು ಮಾಡಿಕೊಂಡೆ. ಬ್ಲೇಡನ್ನು ಹನ್ನೆರಡು ಕತ್ತರಿಕೆಗೊಮ್ಮೆ ಮುರಿದು ಹೊಸ ತುದಿ. ಬ್ಲೇಡ್ ಮೊಂಡಾದರೆ ಅಂಚು ಓರೆಯಾಗುತ್ತದೆ, ಅಲ್ಲಿಂದಲೇ ಆ ಮಿ.ಮೀ. ಬರುವುದು.

ಅಂಟು: ಪೈಪಿಗೆ ಹಾಕುವ ಸಾಲ್ವೆಂಟ್ ಸಿಮೆಂಟು ತೆಳು ಸನ್‌ಬೋರ್ಡನ್ನು ತಿನ್ನುತ್ತದೆ, ಹಲಗೆ ಅಲೆ ಅಲೆಯಾಗುತ್ತದೆ. ಮೂಲೆಗಳಿಗೆ ಫೆವಿಕ್ವಿಕ್ ಸಾಕು, ಹನಿ ಹನಿಯಾಗಿ. ಕತ್ತರಿಸಿದ ಅಂಚಿನಲ್ಲಿ ಸಣ್ಣ ಸಣ್ಣ ರಂಧ್ರ ಕಾಣುತ್ತವೆ. ಪುಟ್ಟಿ ಬಳಿದು 220ರಲ್ಲಿ ಉಜ್ಜದೆ ಬಣ್ಣ ಹೊಡೆದರೆ ಬಿಸ್ಕತ್ತಿನ ಅಂಚಿನ ಹಾಗೆ ಎದ್ದು ಕಾಣುತ್ತದೆ.

ಮೈಮೇಲಿನ ಸಣ್ಣ ಸಾಮಾನಿಗೆ ಗುಜರಿ ಅಂಗಡಿಗೆ ಹೋದೆ. ಆ ಕಾಲದ ಚಿತ್ರಗಳಲ್ಲಿ ಅಂಗಡಿಯಲ್ಲಿ ಸಿಗುವ, ಮಾದರಿ ಜೋಡಿಸುವ ಪ್ಲಾಸ್ಟಿಕ್ ಕಿಟ್‌ಗಳ ಬಿಡಿಭಾಗಗಳನ್ನು ಹಡಗಿನ ಮೈಗೆ ಅಂಟಿಸುತ್ತಿದ್ದರು. ಇಲ್ಲಿ ಯುದ್ಧದ ಟ್ಯಾಂಕಿನ ಒಂದು ಕಿಟ್‌ಗೆ ಕೊಡುವ ದುಡ್ಡಿನಲ್ಲಿ ನನ್ನ ಅರ್ಧ ಹಡಗೇ ಆಗುತ್ತದೆ. 300 ರೂಪಾಯಿಗೆ ಒಂದು ಚೀಲ ತುಂಬ ಹಳೆಯ ರಿಮೋಟು, ಪ್ರಿಂಟರ್ ಒಳಗಿನ ಹಲ್ಲುಚಕ್ರ, ಕೀಬೋರ್ಡ್ ಗುಂಡಿ, ಸಿರಿಂಜಿನ ಕೊಳವೆ, ವೈರಿಂಗ್ ಕ್ಲಿಪ್ಪು ಸಿಕ್ಕವು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮನೆಯಲ್ಲೇ ಇದ್ದ ಖಾಲಿ ಮಾತ್ರೆ ಪಟ್ಟಿಗಳು: ಒಂದೇ ಅಳತೆಯ ಉಬ್ಬುಗಳು ಸಾಲಾಗಿ ಬರುತ್ತವೆ. ಅಮ್ಮ ಬಿಪಿ ಮಾತ್ರೆಯ ಪಟ್ಟಿಯನ್ನು ಮೂರು ತಿಂಗಳು ಎತ್ತಿಟ್ಟು ಕೊಟ್ಟರು. ಕಣ್ಣಿಗೆ ಗುರುತು ಸಿಗುವ ವಸ್ತು ಯಾವುದೂ ಇರಬಾರದು. ಒಂದು ಮಣಿಯ ಮೇಲೆ ಪೆನ್ನಿನ ಕ್ಯಾಪ್ ಹಾಗೇ ಅಂಟಿಸಿದ್ದೆ, ಮನೆಗೆ ಬಂದ ತಂಗಿಯ ಮಗ ನೋಡಿದ ತಕ್ಷಣ “ಮಾಮ, ಪೆನ್ನು!” ಅಂದ. ಅವತ್ತೇ ಕಿತ್ತು ಹಾಕಿದೆ.

ಗೋಡೆಯ ಕಡೆ ಬರುವ ಬದಿಯನ್ನು ಖಾಲಿ ಬಿಟ್ಟೆ. ಇದಕ್ಕೆ ಧೈರ್ಯ ಕೊಟ್ಟದ್ದು ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಎಂಟರ್‌ಪ್ರೈಸ್. 1964ರಲ್ಲಿ ಕಟ್ಟಿದ 11 ಅಡಿಯ ಆ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಾಯು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. ದೀಪದ ವೈರುಗಳು ಎಡಬದಿಯಿಂದ ಒಳಹೋಗುತ್ತಿದ್ದುದರಿಂದ ಆ ಬದಿಯನ್ನು ಪೂರ್ತಿ ಮಾಡಿರಲಿಲ್ಲ, ಬಲಬದಿಯನ್ನೇ ಚಿತ್ರೀಕರಿಸುತ್ತಿದ್ದರು. ಅವರಿಗೆ ಆದದ್ದು ನನಗೂ ಆಗುತ್ತದೆ ಅಂದುಕೊಂಡೆ. ಆದರೆ ಅವರ ಕ್ಯಾಮೆರಾ ಎಲ್ಲಿರಬೇಕೆಂಬುದು ಅವರ ಕೈಯಲ್ಲಿತ್ತು. ನಮ್ಮ ಮನೆಗೆ ಬರುವವರು ಎಲ್ಲಿ ನಿಲ್ಲುತ್ತಾರೆ ಎಂಬುದು ನನ್ನ ಕೈಯಲ್ಲಿರಲಿಲ್ಲ.

5. ಎಂಜಿನ್, ಆಂಟೆನಾ (ಜುಲೈ)

ಎಂಜಿನ್ ಬೇಗ ಮುಗಿಯಿತು. 5 ಎಂಎಂ ಸನ್‌ಬೋರ್ಡಿನ ಪೆಟ್ಟಿಗೆ, 49 ಸೆಂ.ಮೀ. ಉದ್ದ, ಹಿಂದೆ ಆರು ನಳಿಕೆ. ತೂಕ 1.7 ಕೆಜಿ ಬಂತು, ಮೂತಿ ಭಾರವಾಗಿ ಮುಂದಕ್ಕೆ ವಾಲಿತು. ಒಳಗೆ ಹಳೆಯ ನಟ್ಟು ಬೋಲ್ಟು ತುಂಬಿದ ಡಬ್ಬಿಯನ್ನು ಅಲ್ಲಾಡದ ಹಾಗೆ ಬಿಗಿದು 3.1 ಕೆಜಿ ಮಾಡಿದ ಮೇಲೆ ತಕ್ಕಡಿ ಸರಿಹೋಯಿತು: ಬರಿಗೈಯಲ್ಲಿ ಎತ್ತಿ ನೋಡಿದರೆ ಮೂತಿಯಿಂದ 142 ಸೆಂ.ಮೀ.ಗೆ, ಎರಡು ಸರಳುಗಳ ನಟ್ಟನಡುವೆ.

ಆಂಟೆನಾ ತೊಂದರೆ ಕೊಟ್ಟಿತು. ಬೆನ್ನಿನ ಮೇಲೆ ಒಂದು ದೊಡ್ಡ ಡಿಶ್, ಅಕ್ಕಪಕ್ಕ ಎರಡು ಚಿಕ್ಕವು. ಮೊದಲು ಸಾರಿನ ಸೌಟಿನ ಹಿಡಿ ಕತ್ತರಿಸಿ ನೋಡಿದೆ. ತೀರ ಆಳ, ಬಟ್ಟಲಿನ ಹಾಗೆ ಕಂಡಿತು. ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆಯಲ್ಲ, ಅದರ ಫೋಟೋ ತೆಗೆದು ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ, ನಿಜವಾದ ಡಿಶ್ ಎಷ್ಟು ಆಳ ಕಡಿಮೆ ಎಂದು. ಅಂಥ ಬಾಗು ನಮ್ಮ ಅಡುಗೆಮನೆಯಲ್ಲಿ ಇದ್ದದ್ದು ಒಗ್ಗರಣೆ ಬಾಣಲೆಯ ತಳದಲ್ಲಿ. ಬಿಸಿಗೆ ಮೆತ್ತಗಾಗುವ ಹಿಪ್ಸ್ ಎಂಬ ಪ್ಲಾಸ್ಟಿಕ್ಕಿನ ಒಂದು ಎಂಎಂ ಹಾಳೆಯನ್ನು ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಒಲೆಯಿಂದ ಒಂದು ಗೇಣು ಮೇಲೆ ಆಡಿಸಿ, ಮೆತ್ತಗಾಗಿ ಜೋಲತೊಡಗಿದ ಕೂಡಲೇ ಮಗುಚಿಟ್ಟ ಬಾಣಲೆಯ ಮೇಲೆ ಪ್ಲೈವುಡ್ ಬಳೆಯಿಂದ ಒತ್ತುವುದು. ಏಳು ಹಾಳೆ ಹಾಳಾದವು: ಎರಡು ಸುಟ್ಟವು, ಮೂರು ತಣ್ಣಗಾಗಿ ಅರ್ಧಕ್ಕೆ ನಿಂತವು, ಎರಡು ಸುಕ್ಕುಗಟ್ಟಿದವು. ಎಂಟನೆಯದು ಸರಿ ಬಂತು. ಬಾಣಲೆಯನ್ನು ಮೊದಲೇ ಬಿಸಿನೀರಲ್ಲಿ ಅದ್ದಿ ಬೆಚ್ಚಗಿಟ್ಟುಕೊಂಡದ್ದೇ ವ್ಯತ್ಯಾಸ. ಕಿಟಕಿ ತೆರೆದಿಟ್ಟು ಮಾಡಿ, ಆ ಹೊಗೆ ಒಳ್ಳೆಯದಲ್ಲ.

6. ಬಣ್ಣ (ಆಗಸ್ಟ್ 4 – ಸೆಪ್ಟೆಂಬರ್ 1)

ಮೊದಲು ಗೋಳದ ಮೇಲಿನ ಫಲಕಗಳು. ಗೆರೆ ಕೊರೆಯಲು ಹೋಗಿ ಒಂದು ಕಡೆ ಕಾಲುವೆಯಷ್ಟು ಆಳವಾಯಿತು, ಪುಟ್ಟಿ ತುಂಬಿ ಬಿಟ್ಟೆ. ಬದಲಿಗೆ ನಂಬರ್ ಪ್ಲೇಟ್ ಅಂಗಡಿಯ ವಿನೈಲ್ ಸ್ಟಿಕ್ಕರನ್ನು ಚೌಕ ಚೌಕವಾಗಿ ಕತ್ತರಿಸಿ ಅಂಟಿಸಿದೆ. ಚಪ್ಪಟೆ ಹಾಳೆ ದುಂಡು ಮೈಮೇಲೆ ಕೂರುವುದಿಲ್ಲ, 4 ಸೆಂ.ಮೀ.ಗಿಂತ ದೊಡ್ಡ ತುಂಡಾದರೆ ಅಂಚು ಮಡಿಕೆ ಬೀಳುತ್ತದೆ. 340 ತುಂಡು ಹಿಡಿಯಿತು. ಅದರ ಮೇಲೆ ಬಣ್ಣ ಬಿದ್ದಾಗ ಅಂಚುಗಳು ತೆಳ್ಳಗೆ, ಬೇಕಾದಷ್ಟೇ ಕಾಣುತ್ತವೆ.

ಆಗಸ್ಟ್ 11ರಂದು ಬೆಳಿಗ್ಗೆ ಎಂಟಕ್ಕೆ, ಜಿಟಿಜಿಟಿ ಮಳೆ ನಿಂತಿದೆ ಎಂದು ಥಿನ್ನರ್ ಬೆರೆಸಿ ಹೊಡೆಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಿಳಿ ಬಣ್ಣವನ್ನು ಹತ್ತು ಮಣಿಗಳಿಗೆ ಹೊಡೆದೆ. ಹತ್ತು ನಿಮಿಷದಲ್ಲಿ ಹೊಳಪೆಲ್ಲ ಹೋಗಿ ಸುಣ್ಣದ ಹುಡಿ ಎರಚಿದ ಹಾಗೆ ಮಂಜಾಯಿತು. ಬಣ್ಣ ಕೆಟ್ಟಿದೆ ಎಂದುಕೊಂಡು ಹೊಸ ಡಬ್ಬಿ ತಂದು ಇನ್ನೊಂದು ಕೋಟ್ ಹೊಡೆದೆ. ಅದೂ ಹಾಗೇ. ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿಗೆ ಒಂದು ಮಣಿ ತೆಗೆದುಕೊಂಡು ಹೋದೆ. “ಏನ್ ಸಾರ್ ಇದು, ರಾಕೆಟ್ಟಾ?” ಎಂದು ತಿರುಗಿಸಿ ನೋಡಿದ ಪೇಂಟರ್ ಉಗುರಿನಲ್ಲಿ ಒಂದು ಸಲ ಕೆರೆದರು. “ಬಣ್ಣ ಚೆನ್ನಾಗೇ ಇದೆ. ಥಿನ್ನರ್ ಬೇಗ ಹಾರುವಾಗ ಮೈ ತಣ್ಣಗಾಗುತ್ತೆ, ಗಾಳೀಲಿರೋ ನೀರು ಮೇಲೆ ಕೂತ್ಕೊಳ್ಳುತ್ತೆ. ನಿಧಾನಕ್ಕೆ ಹಾರೋ ಥಿನ್ನರ್ ಹಾಕಿ. ಬಿಸಿಲು ಬಂದ ಮೇಲೇ ಹೊಡೀರಿ.”

ಅವರು ಹೇಳಿದ ಹಾಗೆಯೇ ಮಾಡಿದೆ. ಬೆಳಿಗ್ಗೆ 11ರಿಂದ 2ರವರೆಗೆ ಮಾತ್ರ, ಮಣಿಯನ್ನು ಮೊದಲು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ತೆಳ್ಳನೆಯ ಮೂರು ಕೋಟ್. ಮಂಜಾದ ಹತ್ತಕ್ಕೂ ಮತ್ತೆ 400ರಲ್ಲಿ ನೀರು ಹಾಕಿ ಉಜ್ಜಬೇಕಾಯಿತು. ಗೋಳವನ್ನು ನಾನು ಮುಟ್ಟಲಿಲ್ಲ. 1,000 ರೂಪಾಯಿ ಕೊಟ್ಟು ಅವರಿಂದಲೇ ಹೊಡೆಸಿದೆ. ಕಂಪ್ರೆಸರ್ ಗನ್ನಿನ ಸಮ ನನ್ನ ಕೈಗೆ ಬರುವುದಿಲ್ಲ. ಬೂದು ಬೆರೆಸಿದ ಎರಡು ಬಗೆಯ ಬಿಳಿಯನ್ನು ಅಲ್ಲಲ್ಲಿ ಫಲಕಗಳಿಗೆ ಟೇಪ್ ಕಟ್ಟಿ ನಾನು ಆಮೇಲೆ ಹೊಡೆದೆ. ಈ ಬಿಳಿಗಳ ವ್ಯತ್ಯಾಸ ಹತ್ತಿರದಿಂದ ಕಾಣುವುದೇ ಕಷ್ಟ, ಆದರೆ ಅದಿಲ್ಲದಿದ್ದಾಗ ಗೋಳವು ಬರೀ ಪ್ಲಾಸ್ಟಿಕ್ ಚೆಂಡಾಗಿತ್ತು.

7. ದೀಪ (ಸೆಪ್ಟೆಂಬರ್ 8 ಮತ್ತು 15)

ಗಣೇಶನ ಹಬ್ಬದ ಮರುದಿನ 12 ವೋಲ್ಟ್ ಎಲ್‌ಇಡಿ ಪಟ್ಟಿಯನ್ನು ನಡುಬಾಗಿಲಿನಿಂದ ಒಳಗೆ ಇಳಿಸಿ, ವೈರನ್ನು ಕಬ್ಬಿಣದ ಕೊಳವೆಯೊಳಗೆ ಹಾಯಿಸಿ ಹಿಂದಿನ ಸರಳಿನ ಪಕ್ಕದಲ್ಲಿ ಕೆಳಗಿಳಿಸಿದೆ. ಸಂಜೆ ಕೋಣೆ ಕತ್ತಲು ಮಾಡಿ ಸ್ವಿಚ್ ಹಾಕಿದರೆ, ಕಿಟಕಿ ಮಾತ್ರ ಬೆಳಗಬೇಕಾದ್ದು ಇಡೀ ಗೋಳವೇ ಆಕಾಶಬುಟ್ಟಿಯ ಹಾಗೆ ಹೊಳೆಯಿತು. ಪುಟ್ಟಿ ಹಚ್ಚಿದ ಜೋಡಣೆ ಕಪ್ಪು ಗೆರೆಯಾಗಿ, ಡ್ರಿಲ್‌ನ ಸೀಳು ಕಪ್ಪು ಕೂದಲಾಗಿ, ನಾನು ಮುಚ್ಚಿಟ್ಟದ್ದೆಲ್ಲ ಎದ್ದು ಕಂಡಿತು. ಐದು ತಿಂಗಳ ಕೆಲಸ ಅದು. ದೀಪ ಆರಿಸಿ ಸುಮ್ಮನೆ ಕೂತೆ.

ಹೊರಗಿನ ಬಣ್ಣ ಮುಟ್ಟುವ ಹಾಗಿಲ್ಲ. ಒಳಗಿನಿಂದಲೇ ಕಪ್ಪು ಮಾಡಬೇಕು, ದಾರಿ ಇರುವುದು 6.5 ಸೆಂ.ಮೀ. ತೂತೊಂದೇ. ಒಂದು ಇಂಚಿನ ಬ್ರಶ್ಶಿನ ಹಿಡಿಯನ್ನು ಬಗ್ಗಿಸಿದ ದಪ್ಪ ತಂತಿಗೆ ಕಟ್ಟಿ, ಮೊಬೈಲಿನ ಟಾರ್ಚನ್ನು ಗೋಳದ ಹೊರಗೆ ಹಿಡಿದು, ಬೆಳಕು ಬರುವ ಕಡೆಯಲ್ಲೆಲ್ಲ ಕಪ್ಪು ಬಳಿದೆ. ಬಳಸಿದ್ದು ನೀರಿನಲ್ಲಿ ಕರಗುವ ಬಣ್ಣ; ಥಿನ್ನರ್ ಬಣ್ಣ ಹಾಕಿದ್ದರೆ ಮುಚ್ಚಿದ ಗೋಳದೊಳಗೆ ಅದರ ಆವಿ ನಿಂತು ಪ್ಲಾಸ್ಟಿಕ್ಕನ್ನು ತಿನ್ನುವ ಭಯವಿತ್ತು. ಮೂರು ಸಂಜೆ, ನಾಲ್ಕು ಕೋಟ್. ಅಂಟಿಸುವ ಮೊದಲು ಬಳಿದಿದ್ದರೆ ಹದಿನೈದು ನಿಮಿಷದ ಕೆಲಸ. 15ನೇ ತಾರೀಕು ಮತ್ತೆ ಸ್ವಿಚ್ ಹಾಕಿದಾಗ ಕಿಟಕಿಯ ಸೀಳಿನಲ್ಲಿ ಮಾತ್ರ ಬೆಳಕು. ಆ ಸಣ್ಣ ಬೆಳಕು ಬಿದ್ದ ಕ್ಷಣಕ್ಕೆ ಒಂಬತ್ತಡಿಯ ಸಾಮಾನು ನೂರಾರು ಅಡಿಯ ಹಡಗಾಗಿಬಿಟ್ಟಿತು.

8. ಇನ್ನೊಂದು ಬದಿ (ಸೆಪ್ಟೆಂಬರ್ 27 – ಅಕ್ಟೋಬರ್ 2)

ಗೊಂಬೆ ಕೂರಿಸುವ ಜಾಗದ ಮಾತು ಬಂತು. ಗೋಡೆಗೆ ಒರಗಿಸಿ ಒಂಬತ್ತು ಮೆಟ್ಟಿಲು, ಅದರ ಪಕ್ಕದ ಗೋಡೆಗೆ ನನ್ನ ಹಡಗು ಎಂದುಕೊಂಡಿದ್ದೆ. ಅಮ್ಮ ಒಪ್ಪಲಿಲ್ಲ.

“ಅಲ್ಲಿಟ್ರೆ ಆರತಿಗೆ ಬಂದೋರು ಎಲ್ಲಿ ನಿಲ್ತಾರೋ? ನಡುವೆ ಇಡು, ಸುತ್ತ ನೋಡ್ಲಿ. ಪಟ್ಟದ ಗೊಂಬೆಗೆ ಮಾತ್ರ ಅಡ್ಡ ಬರಕೂಡ್ದು.”

“ನಡುವೆ ಇಟ್ರೆ ಆ ಕಡೆ ಖಾಲಿ ಕಾಣುತ್ತಮ್ಮ.”

“ಖಾಲಿ ಯಾಕೆ ಬಿಟ್ಟೆ ಮತ್ತೆ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 28 ಮಣಿಗಳ ಒಂದು ಬದಿ, ಎಂಜಿನ್ನಿನ ಒಂದು ಬದಿ, ಐದು ರಾತ್ರಿ. ಗುಜರಿ ಚೀಲದ ತಳದಲ್ಲಿ ಉಳಿದದ್ದೆಲ್ಲ ಹೊರಬಂತು. ಈ ಬದಿಯ ಕೆಲಸ ಆ ಬದಿಯಷ್ಟು ಚೆನ್ನಾಗಿಲ್ಲ: ಒಂದೇ ಬಗೆಯ ಕೀಬೋರ್ಡ್ ಗುಂಡಿ ಹತ್ತಿರ ಹತ್ತಿರ ಬಂದಿದೆ, ಬಣ್ಣ ಬ್ರಶ್ಶಿನದು, ಅವಸರದಲ್ಲಿ ಫೆವಿಕ್ವಿಕ್ ಹೆಚ್ಚಾಗಿ ಎರಡು ಕಡೆ ಬೆಳ್ಳಗೆ ಹಬೆ ಹಿಡಿದಿದೆ. ಜೂನ್‌ನಲ್ಲೇ ಮಾಡಿದ್ದರೆ ಮೂರು ವಾರ ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ. ಎರಡು ಬದಿಗಳ ಫೋಟೋ ಅಕ್ಕಪಕ್ಕ ಇಟ್ಟರೆ ಯಾವುದು ಆತುರದ್ದು ಎಂದು ಯಾರು ಬೇಕಾದರೂ ಹೇಳಬಲ್ಲರು.

ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆಯ ಸಂಜೆ ಮೂರು ಭಾಗವಾಗಿ ಕೆಳಗಿಳಿಸಿ ಜೋಡಿಸಿದೆ. ನಲವತ್ತು ನಿಮಿಷ ಹಿಡಿಯಿತು. 3ನೇ ತಾರೀಕು ಅಮ್ಮ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿದರು.

ಒಂಬತ್ತು ದಿನವೂ ಬಂದವರು ಹೆಚ್ಚಾಗಿ ಕೇಳಿದ್ದು ಒಂದೇ: ರೆಕ್ಕೆ ಎಲ್ಲಿ? ಈ ಹಡಗನ್ನು ಮೊದಲು ಯೋಚಿಸಿದಾಗ ಎಂಜಿನ್ನಿನ ಶಾಖ ಹೊರಹಾಕುವ ದೊಡ್ಡ ಹಲಗೆಗಳಿದ್ದವು, ನೋಡುವವರು ಅವನ್ನು ರೆಕ್ಕೆ ಎಂದುಕೊಳ್ಳುತ್ತಾರೆಂದು ಚಿತ್ರದಲ್ಲಿ ತೆಗೆದುಬಿಟ್ಟರು. ಗಾಳಿಯಿಲ್ಲದ ಕಡೆ ರೆಕ್ಕೆ ಬೇಡ ಎಂದು ಎಲ್ಲರಿಗೂ ಹೇಳಿದೆ. ಪಕ್ಕದ ಮನೆಯ ಅಜ್ಜಿ ಪೂರ್ತಿ ಕೇಳಿಸಿಕೊಂಡು, ಗೋಳದ ಕಿಟಕಿಯ ಹತ್ತಿರ ಬಗ್ಗಿ, “ಒಳಗೆ ಯಾರಿದ್ದಾರಪ್ಪ?” ಎಂದು ಕೇಳಿದರು.

ಖರ್ಚು

ಗ್ಲೋಬ್ 850, ಎಂಎಸ್ ಪೈಪು, ಬೆಸುಗೆ 780, ದಂಡವಾದ ಅಲ್ಯೂಮಿನಿಯಂ 1,150, ಸನ್‌ಬೋರ್ಡ್ 3,150, ಹಿಪ್ಸ್ ಹಾಳೆ 640, ಅಂಟುಗಳು 1,120, ಪುಟ್ಟಿ, ಪ್ರೈಮರ್, ಉಪ್ಪು ಕಾಗದ 1,460, ಬಣ್ಣ, ಥಿನ್ನರ್, ಸ್ಟಿಕ್ಕರ್ 2,300, ಗೋಳದ ಬಣ್ಣದ ಕೂಲಿ 1,000, ಎಲ್‌ಇಡಿ, ಅಡಾಪ್ಟರ್, ವೈರು 760, ಬುಡದ ಪ್ಲೈವುಡ್, ಸರಳು 1,240, ಗುಜರಿ 300. ಒಟ್ಟು 14,750.

ಉಳಿದ ಕೆಲಸ (ಅಕ್ಟೋಬರ್ 13)

ವಿಜಯದಶಮಿಯ ಮರುದಿನ ಬಿಚ್ಚುವ ಮೊದಲು ದಾರ ಎಳೆದು ನೋಡಿದೆ. ಮೂತಿ 3 ಮಿ.ಮೀ. ಇಳಿದಿದೆ. ಕಬ್ಬಿಣ ಬಾಗಿಲ್ಲ, ಮಣಿಗಳ ಸಾಲು ಸ್ಕೇಲಿಟ್ಟರೆ ನೇರವಾಗಿಯೇ ಇದೆ. ಮುಂದಿನ ಸರಳು ಬುಡದ 12 ಎಂಎಂ ಪ್ಲೈವುಡ್ಡಿನೊಳಗೆ ಒಂದು ಮಿ.ಮೀ. ಹೂತುಕೊಂಡಿದೆ. ಗ್ರಿಲ್ ಅಂಗಡಿಯವರಿಗೆ 5 ಎಂಎಂ ಪಟ್ಟಿಯ ಎರಡು ತುಂಡು ಹೇಳಿ ಬಂದಿದ್ದೇನೆ, ಸರಳುಗಳ ಬುಡಕ್ಕೆ ಒಂದೊಂದು. ಬುಧವಾರ ಕೊಡುತ್ತಾರೆ.